ಗಂಡ ಕಾಣೆಯಾದರೆ ಎಷ್ಟು ವರ್ಷ ಕಾಯಬೇಕು?

ನೂರು ವರ್ಷಗಳ ಹಿಂದೆ ಪಂಜಾಬಿನ ಕೋರ್ಟುಗಳಿಗೆ ಒಂದು ವಿಚಿತ್ರ ಬಗೆಯ ದಾವೆ ಬರತೊಡಗಿತ್ತು. ಮುಸ್ಲಿಂ ಹೆಣ್ಣುಮಗಳೊಬ್ಬಳು ಬಂದು, ‘ನಾನು ಇಸ್ಲಾಂ ಬಿಟ್ಟಿದ್ದೇನೆ. ಹಾಗಾಗಿ ನನ್ನ ಮದುವೆ ಮುರಿದಿದೆ ಎಂದು ಘೋಷಿಸಿ’ ಎಂದು ಕೇಳುವುದು. ಕೋರ್ಟು ಸರಿ ಎನ್ನುವುದು. ಅಂದಿನ ಕಾನೂನಿನ ಪ್ರಕಾರ ಹೆಂಡತಿ ಧರ್ಮ ಬಿಟ್ಟ ಕ್ಷಣವೇ ನಿಕಾಹ್ ಬಿದ್ದುಹೋಗುತ್ತಿತ್ತು. ಈ ಹೆಂಗಸರಲ್ಲಿ ಎಷ್ಟೋ ಮಂದಿಗೆ ಬೇರೆ ಧರ್ಮದ ಬಗ್ಗೆ ಆಸಕ್ತಿಯೇ ಇರಲಿಲ್ಲ. ಅವರಿಗೆ ಬೇಕಿದ್ದದ್ದು ಹೊಡೆಯುವ, ಬಿಟ್ಟುಹೋದ, ಅನ್ನ ಹಾಕದ ಗಂಡನಿಂದ ಬಿಡುಗಡೆ. ಅದಕ್ಕೆ ತೆರೆದಿದ್ದ ಬಾಗಿಲು ಅದೊಂದೇ.

ಕವಿ ಮುಹಮ್ಮದ್ ಇಕ್ಬಾಲ್ ಇದನ್ನು ಗಮನಿಸಿದ್ದರು. 1929ರ ಜನವರಿಯಲ್ಲಿ ಅವರು ಮದರಾಸಿಗೆ ಬಂದು ಇಸ್ಲಾಮಿನ ಧಾರ್ಮಿಕ ಚಿಂತನೆಯ ಮರುರಚನೆ ಕುರಿತು ಉಪನ್ಯಾಸ ಕೊಟ್ಟರು. ಅಲ್ಲಿಂದ ಬೆಂಗಳೂರು, ಮೈಸೂರಿಗೆ ಬಂದು, ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಸಮಾಧಿಯನ್ನೂ ನೋಡಿಹೋದರು. ಆ ಉಪನ್ಯಾಸಮಾಲೆ ಮರುವರ್ಷ ಪುಸ್ತಕವಾದಾಗ ಅದರ ಒಂದು ಅಧ್ಯಾಯದಲ್ಲಿ ಪಂಜಾಬಿನ ಈ ಹೆಂಗಸರ ಪ್ರಸ್ತಾಪವಿತ್ತು. ಧರ್ಮವನ್ನು ಕಾಯಬೇಕಾದ ಕಾನೂನೇ ಜನರನ್ನು ಧರ್ಮದಿಂದ ಹೊರಗೆ ತಳ್ಳುತ್ತಿದ್ದರೆ ಅದನ್ನು ಇನ್ನೇನೆಂದು ಕರೆಯುವುದು ಎಂಬುದು ಇಕ್ಬಾಲರ ಪ್ರಶ್ನೆಯ ಸಾರ.

ಅವರ ಪ್ರಶ್ನೆ ಎಲ್ಲರಿಗೂ ಗೊತ್ತು. ಅದಕ್ಕೆ ಉತ್ತರ ಹುಡುಕಿದವರು ಯಾರೆಂಬುದು ಮಾತ್ರ ನಮ್ಮಲ್ಲಿ ಬಹುಮಂದಿಗೆ ಗೊತ್ತಿಲ್ಲ. ಅವರು ಕೋಟು ಹಾಕಿದ ಸುಧಾರಕರಾಗಲೀ ವಿಲಾಯತಿ ಬ್ಯಾರಿಸ್ಟರ್ ಆಗಲೀ ಆಗಿರಲಿಲ್ಲ. ದೇವಬಂದ್ ಮದರಸಾ ಪರಂಪರೆಯ ಕಟ್ಟಾ ಸಂಪ್ರದಾಯವಾದಿ ಮೌಲಾನಾ ಅಶ್ರಫ್ ಅಲಿ ಥಾನವಿ ಅವರು. ಮುಸ್ಲಿಂ ಹೆಣ್ಣುಮಕ್ಕಳ ನಡೆನುಡಿ ಹೀಗಿರಬೇಕು ಎಂದು ವಿಧಿಸುವ ‘ಬಹಿಶ್ತಿ ಝೇವರ್’ ಬರೆದವರು. ಇಂದಿಗೂ ಉತ್ತರ ಭಾರತದ ಎಷ್ಟೋ ಮನೆಗಳಲ್ಲಿ ಮದುಮಗಳ ಪೆಟ್ಟಿಗೆಯಲ್ಲಿ ಆ ಪುಸ್ತಕ ಇರುತ್ತದೆ.

ಸಮಸ್ಯೆ ಎಲ್ಲಿತ್ತು? ಭಾರತದ ಬಹುಪಾಲು ಮುಸ್ಲಿಮರು ಹನಫಿ ಪಂಥದವರು. ಸುನ್ನಿಗಳಲ್ಲಿ ಹನಫಿ, ಮಾಲಿಕಿ, ಶಾಫಿ, ಹಂಬಲಿ ಎಂದು ನ್ಯಾಯಶಾಸ್ತ್ರದ ನಾಲ್ಕು ಪಂಥಗಳು. ನಾಲ್ಕೂ ಸರಿ ಎಂದೇ ಎಲ್ಲರ ಒಪ್ಪಿಗೆ. ಆದರೆ ವಿವರಗಳಲ್ಲಿ ಅಜಗಜಾಂತರ. ಹನಫಿ ಶಾಸ್ತ್ರ ಹೆಣ್ಣಿಗೆ ಕೆಲವು ವಿಷಯಗಳಲ್ಲಿ ಉದಾರಿ: ವಯಸ್ಸಿಗೆ ಬಂದ ಹೆಣ್ಣು ವಲಿಯ, ಅಂದರೆ ತಂದೆಯಂಥ ಪೋಷಕನ, ಅನುಮತಿಯಿಲ್ಲದೆಯೂ ತನ್ನ ನಿಕಾಹ್ ತಾನೇ ಮಾಡಿಕೊಳ್ಳಬಹುದು. ಉಳಿದ ಮೂರು ಪಂಥಗಳಲ್ಲಿ ಅದು ಆಗದು. ಆದರೆ ಮದುವೆಯೊಳಗೆ ಹೋದ ಮೇಲೆ ಹನಫಿ ಬಾಗಿಲು ಭದ್ರ. ಗಂಡ ನಪುಂಸಕನಾಗಿದ್ದರೆ, ಅಥವಾ ಬಾಲ್ಯದಲ್ಲಿ ಮಾಡಿದ ಮದುವೆಯನ್ನು ಪ್ರಾಯಕ್ಕೆ ಬಂದಾಗ ಹೆಣ್ಣು ನಿರಾಕರಿಸಿದರೆ, ಅಷ್ಟಕ್ಕೆ ಮಾತ್ರ ಖಾಜಿ ಕೈಹಾಕಬಲ್ಲ. ಗಂಡ ಜೀವನಾಂಶ ಕೊಡುತ್ತಿಲ್ಲವೇ? ಮದುವೆ ಮುರಿಯದು. ಗಂಡನ ಲೆಕ್ಕದಲ್ಲಿ ಸಾಲ ಮಾಡಿ ಉಣ್ಣು ಎಂದು ಖಾಜಿ ಅವಳಿಗೆ ಅನುಮತಿ ಕೊಡಬಹುದು. ಸಾಲ ಕೊಡುವವರು ಯಾರು ಎಂಬುದನ್ನು ಶಾಸ್ತ್ರ ಹೇಳುವುದಿಲ್ಲ!

ಗಂಡ ಕಾಣೆಯಾಗಿದ್ದರೆ ಇನ್ನೂ ಕಷ್ಟ. ಅವನ ಓರಗೆಯವರೆಲ್ಲ ಸಾಯುವ ತನಕ ಅವನು ಬದುಕಿದ್ದಾನೆಂದೇ ಭಾವಿಸಬೇಕು. ಇದಕ್ಕೆ ಹನಫಿ ಗ್ರಂಥಗಳಲ್ಲಿ ರೂಢಿಯಾದ ಲೆಕ್ಕ ಅವನ ಹುಟ್ಟಿನಿಂದ ತೊಂಬತ್ತು ವರ್ಷ. ಇಪ್ಪತ್ತೈದರ ಗಂಡನೊಬ್ಬ ಕೂಲಿಗೆಂದು ರಂಗೂನಿಗೆ ಹೋದವನು ಪತ್ತೆಯಿಲ್ಲದಾದ ಎನ್ನಿ. ಅವನ ಹೆಂಡತಿ ಅರವತ್ತೈದು ವರ್ಷ ಕಾಯಬೇಕು. ಮಾಲಿಕಿ ಪಂಥದಲ್ಲಾದರೆ ಇದೇ ಪ್ರಶ್ನೆಗೆ ಉತ್ತರ ನಾಲ್ಕು ವರ್ಷ. ಖಲೀಫ ಉಮರ್ ಅವರ ತೀರ್ಮಾನದ ಆಧಾರವಿದೆ ಅದಕ್ಕೆ. ನಾಲ್ಕು ವರ್ಷವಾದ ಮೇಲೆ ವಿಧವೆಯ ಇದ್ದತ್, ಅಂದರೆ ನಾಲ್ಕು ತಿಂಗಳು ಹತ್ತು ದಿನ, ಕಳೆದು ಅವಳು ಬೇರೆ ಮದುವೆಯಾಗಬಹುದು.

ಹಾಗಾದರೆ ಹಿಂದಿನ ಕಾಲದ ಹನಫಿ ಹೆಂಗಸರು ಏನು ಮಾಡುತ್ತಿದ್ದರು? ಇಲ್ಲಿಯೇ ಸ್ವಾರಸ್ಯ. ಕೈರೋದಲ್ಲಿ ಸುಲ್ತಾನ್ ಬೈಬರ್ಸ್ 1265ರಲ್ಲಿ ನಾಲ್ಕು ಪಂಥಗಳಿಗೂ ಒಬ್ಬೊಬ್ಬ ಮುಖ್ಯ ಖಾಜಿಯನ್ನು ನೇಮಿಸಿದ್ದ. ಒಂದು ಪಂಥದಲ್ಲಿ ಬಿಗಿಯಾದ ಗಂಟನ್ನು ಇನ್ನೊಂದು ಪಂಥದ ಖಾಜಿಯ ಮುಂದೆ ಬಿಚ್ಚಿಕೊಳ್ಳಲು ಅವಕಾಶವಿತ್ತು. ಆಟೊಮನ್ ಕಾಲದ ಸಿರಿಯಾ, ಪ್ಯಾಲೆಸ್ತೀನ್‌ಗಳಲ್ಲೂ ಹನಫಿ ಖಾಜಿ ಇಂಥ ಮೊಕದ್ದಮೆಗಳನ್ನು ಶಾಫಿ ಅಥವಾ ಹಂಬಲಿ ಉಪಖಾಜಿಯ ಬಳಿ ಕಳಿಸುತ್ತಿದ್ದ. ಅವನು ಮದುವೆ ರದ್ದು ಮಾಡಿದರೆ ಇವನು ಅದಕ್ಕೆ ಒಪ್ಪಿಗೆ ಒತ್ತುತ್ತಿದ್ದ. ಶಾಸ್ತ್ರ ಹಾಗೇ ಉಳಿಯುತ್ತಿತ್ತು, ಹೆಂಗಸೂ ಉಳಿಯುತ್ತಿದ್ದಳು.

ಬ್ರಿಟಿಷರು ಬಂದು ಈ ಸಂದುಗೊಂದುಗಳನ್ನೆಲ್ಲ ಮುಚ್ಚಿದರು, ಅದೂ ಷರಿಯತ್‌ಗೆ ಗೌರವ ಕೊಡುತ್ತೇವೆಂದು ಹೇಳಿಕೊಂಡು. ಮುಸ್ಲಿಮರ ಮದುವೆ, ಉತ್ತರಾಧಿಕಾರಗಳಿಗೆ ಕುರಾನಿನ ಕಾನೂನೇ ಅನ್ವಯ ಎಂದು 1772ರಲ್ಲಿ ವಾರನ್ ಹೇಸ್ಟಿಂಗ್ಸ್ ನಿಯಮ ಮಾಡಿದ. ಆದರೆ ಆ ಕಾನೂನು ಯಾವ ಪುಸ್ತಕದಲ್ಲಿದೆ? ಹನಫಿಗಳ ‘ಹಿದಾಯಾ’ವನ್ನು ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಂದ, 1791ರಲ್ಲಿ ಅದು ಅಚ್ಚಾಯಿತು. ಅವನು ಅನುವಾದಿಸಿದ್ದು ಅರಬಿ ಮೂಲದಿಂದಲ್ಲ, ಪರ್ಷಿಯನ್ ಭಾಷಾಂತರದಿಂದ. ಚರ್ಚೆ, ಅಭಿಪ್ರಾಯಭೇದ, ಟಿಪ್ಪಣಿಗಳ ಜೀವಂತ ಶಾಸ್ತ್ರ ಹೀಗೆ ಒಂದು ಅಧಿನಿಯಮದಂತೆ ಗಟ್ಟಿಯಾಯಿತು. 1864ರಲ್ಲಿ ಕೋರ್ಟುಗಳಲ್ಲಿದ್ದ ಖಾಜಿ, ಮುಫ್ತಿಗಳ ಹುದ್ದೆಯನ್ನೇ ತೆಗೆದುಹಾಕಿದರು. 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಹಳೆಯ ಗ್ರಂಥಗಳು ಹೇಳಿದ್ದಕ್ಕೆ ವಿರುದ್ಧವಾಗಿ ನ್ಯಾಯಾಧೀಶರು ಕುರಾನಿಗೆ ತಮ್ಮದೇ ವ್ಯಾಖ್ಯಾನ ಕೊಡಕೂಡದು ಎಂದಿತು. ಇಸ್ಲಾಮಿ ಕಾನೂನು ಕಲ್ಲಿನಂತೆ ಜಡ ಎಂದು ಈಗ ಹೇಳುವವರು ಆ ಜಡತ್ವದ ಒಂದು ದೊಡ್ಡ ಪಾಲಿನ ಮೇಲೆ ಕಲ್ಕತ್ತೆಯ ಮುದ್ರೆ ಇದೆ ಎಂಬುದನ್ನು ಮರೆಯುತ್ತಾರೆ.

ಈಗ ಥಾನವಿಯವರ ಕಡೆಗೆ ಬರೋಣ. ಧರ್ಮ ಬಿಟ್ಟ ಹೆಂಗಸಿನ ಮದುವೆ ಮುರಿಯುತ್ತದೆ ಎಂಬ ಹಳೆಯ ಅಭಿಪ್ರಾಯವನ್ನೇ ಅವರೂ ಮೊದಲು ಹೇಳಿದ್ದರು. ಆಮೇಲೆ ಪರಿಸ್ಥಿತಿ ಕೈಮೀರುತ್ತಿರುವುದು ಕಂಡಿತು. ಶಿಷ್ಯರನ್ನು ಕೂರಿಸಿಕೊಂಡು, ಮದೀನಾದ ಮಾಲಿಕಿ ವಿದ್ವಾಂಸರಿಗೆ ಪ್ರಶ್ನೆಗಳನ್ನು ಬರೆದು ಕಳಿಸಿ, ಅವರ ಫತ್ವಾಗಳನ್ನು ತರಿಸಿಕೊಂಡರು. 1931ರಲ್ಲಿ ‘ಅಲ್ ಹೀಲತುನ್ ನಾಜಿಝಾ’ ಎಂಬ ಉರ್ದು ಗ್ರಂಥ ಹೊರಬಂತು. ಅಸಹಾಯಕ ಹೆಂಡತಿಗೊಂದು ದಾರಿ ಎಂಬುದು ಶೀರ್ಷಿಕೆಯ ಭಾವ. ಗಂಡ ಕಾಣೆಯಾದರೆ, ಹುಚ್ಚನಾದರೆ, ಇದ್ದೂ ಹೊಟ್ಟೆಗೆ ಹಾಕದಿದ್ದರೆ ಹನಫಿ ಹೆಂಗಸು ಮಾಲಿಕಿ ನಿಯಮದ ಪ್ರಕಾರ ಬಿಡುಗಡೆ ಪಡೆಯಬಹುದು ಎಂದು ಅದರಲ್ಲಿ ವಾದಿಸಿದರು. ಮುಸ್ಲಿಂ ಖಾಜಿಯೇ ಇಲ್ಲದ ಊರಲ್ಲಿ? ಧರ್ಮನಿಷ್ಠ ಮುಸ್ಲಿಮರ ಪಂಚಾಯಿತಿಯೇ ಖಾಜಿಯ ಕೆಲಸ ಮಾಡಬಹುದು; ಅದೂ ಮಾಲಿಕಿಗಳ ಮಾತೇ. ಜೊತೆಗೆ, ಧರ್ಮ ಬಿಟ್ಟರೂ ಮದುವೆ ಮುರಿಯುವುದಿಲ್ಲ ಎಂದು ತಮ್ಮ ಹಳೆಯ ನಿಲುವನ್ನು ತಿರುಗಿಸಿದರು. ಒಂದು ಕೈಯಲ್ಲಿ ಬಾಗಿಲು ತೆರೆದು, ಇನ್ನೊಂದು ಕೈಯಲ್ಲಿ ಕಿಟಕಿ ಮುಚ್ಚಿದರು ಎನ್ನಬಹುದು.

ಥಾನವಿಯವರಿಗೆ ಸ್ತ್ರೀ ಸಮಾನತೆಯ ಚಿಂತೆ ಇತ್ತೆಂದು ಯಾರೂ ಹೇಳಲಾರರು. ಅವರ ಚಿಂತೆ ಈಮಾನಿನದು, ಅಂದರೆ ಧರ್ಮಶ್ರದ್ಧೆಯದು. ಆದರೆ ಹೆಂಗಸರು ಕೊಟ್ಟ ಒತ್ತಡ ಇಲ್ಲದಿದ್ದರೆ ಆ ಚಿಂತೆಯೂ ಹುಟ್ಟುತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ಆ ಹೆಸರಿಲ್ಲದ ಪಂಜಾಬಿ ಹೆಣ್ಣುಮಕ್ಕಳನ್ನು ನಾನು ಈ ಕಾನೂನಿನ ಮೊದಲ ಕರ್ತೃಗಳೆಂದೇ ಎಣಿಸುತ್ತೇನೆ.

ಗ್ರಂಥ ಬಂದ ಕೆಲವೇ ವರ್ಷಗಳಲ್ಲಿ ಅದು ಶಾಸನದ ರೂಪ ಪಡೆಯಿತು. 1936ರಲ್ಲಿ ಕೇಂದ್ರ ಶಾಸನಸಭೆಯ ಸದಸ್ಯ ಮುಹಮ್ಮದ್ ಅಹ್ಮದ್ ಕಾಜ್ಮಿ ಮಸೂದೆ ಮಂಡಿಸಿದರು. 1939ರ ಮಾರ್ಚ್ 17ರಂದು ‘ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ’ ಜಾರಿಗೆ ಬಂತು. ಹನಫಿ ನಿಯಮದಿಂದ ಜನರಿಗೆ ಕಷ್ಟವಾದಾಗ ಬೇರೆ ಪಂಥದ ನಿಯಮ ಅನ್ವಯಿಸಲು ಹನಫಿ ಪಂಡಿತರೇ ಒಪ್ಪಿದ್ದಾರೆ ಎಂದು ಅದರ ಉದ್ದೇಶ ವಿವರಣೆಯಲ್ಲೇ ಬರೆಯಲಾಗಿತ್ತು. ಈ ಕಾಯ್ದೆ ಈಗಲೂ ಜಾರಿಯಲ್ಲಿದೆ. ಗಂಡ ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ, ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಏಳು ವರ್ಷ ಅಥವಾ ಹೆಚ್ಚು ಜೈಲು ಶಿಕ್ಷೆಯಾದರೆ, ಮೂರು ವರ್ಷ ಸಂಸಾರ ಧರ್ಮ ನಡೆಸದಿದ್ದರೆ ಹೆಂಡತಿ ಕೋರ್ಟಿನಲ್ಲಿ ವಿಚ್ಛೇದನ ಕೇಳಬಹುದು. ಕ್ರೌರ್ಯಕ್ಕೆ ಅದು ಕೊಟ್ಟ ವಿವರಣೆ ಆ ಕಾಲಕ್ಕೆ ಬಲು ವಿಶಾಲ: ಹೊಡೆತ ಬಡಿತವಷ್ಟೇ ಅಲ್ಲ, ಅವಳ ಆಸ್ತಿಯನ್ನು ಮಾರಿಕೊಳ್ಳುವುದು, ಅವಳ ಧರ್ಮಾಚರಣೆಗೆ ಅಡ್ಡಿ ಮಾಡುವುದು, ಒಬ್ಬಳಿಗಿಂತ ಹೆಚ್ಚು ಹೆಂಡಿರಿದ್ದರೆ ಕುರಾನ್ ಹೇಳಿದ ಸಮಾನತೆಯಿಂದ ನಡೆಸಿಕೊಳ್ಳದಿರುವುದೂ ಕ್ರೌರ್ಯವೇ. ಹಿಂದೂ ಹೆಣ್ಣುಮಕ್ಕಳಿಗೆ ದೇಶಾದ್ಯಂತ ವಿಚ್ಛೇದನದ ಹಕ್ಕು ಬಂದದ್ದು 1955ರಲ್ಲಿ, ಅಂದರೆ ಇದಾಗಿ ಹದಿನಾರು ವರ್ಷಕ್ಕೆ. ಇದನ್ನು ನೆನಪಿಸಿದರೆ ಕೆಲವರಿಗೆ ಮುಜುಗರ.

ಉಲೇಮಾಗಳಿಗೂ, ಅಂದರೆ ಧರ್ಮಪಂಡಿತರಿಗೂ, ಪೂರ್ತಿ ಸಮಾಧಾನವಾಗಲಿಲ್ಲ. ಈ ಮೊಕದ್ದಮೆಗಳನ್ನು ಮುಸ್ಲಿಂ ನ್ಯಾಯಾಧೀಶರೇ ನಡೆಸಬೇಕೆಂದು ಅವರು ಪಟ್ಟು ಹಿಡಿದಿದ್ದರು. ಆ ಕಲಮನ್ನು ಸರ್ಕಾರ ಬಿಡಿಸಿತು. ಮುಸ್ಲಿಮೇತರ ಜಡ್ಜ್ ಕೊಟ್ಟ ತೀರ್ಪಿನಿಂದ ಷರಿಯತ್ ಪ್ರಕಾರ ಮದುವೆ ಮುರಿಯುತ್ತದೆಯೇ ಎಂಬ ತಕರಾರು ಈಗಲೂ ಅಲ್ಲಲ್ಲಿ ಏಳುತ್ತದೆ. ಕೋರ್ಟಿನ ಡಿಕ್ರಿ ಕೈಯಲ್ಲಿದ್ದರೂ ಮರುಮದುವೆಗೆ ಜಮಾತಿನ ಪತ್ರವೂ ಬೇಕು ಎಂದು ಹೆಣ್ಣಿನ ಕಡೆಯವರು ಓಡಾಡುವುದಕ್ಕೆ ಇದೂ ಒಂದು ಕಾರಣ.

ಒಂದು ಪಂಥದ ಕೊರತೆಯನ್ನು ಇನ್ನೊಂದರಿಂದ ತುಂಬುವ ಈ ಉಪಾಯ ಭಾರತದ್ದು ಮಾತ್ರವಲ್ಲ. ಮೊದಲ ಮಹಾಯುದ್ಧದಲ್ಲಿ ಗಂಡಂದಿರು ಮರಳದ ಸಾವಿರಾರು ಹೆಂಗಸರ ಗೋಳು ಕೇಳಲಾರದೆ ಆಟೊಮನ್ ಸರ್ಕಾರ 1917ರ ಕುಟುಂಬ ಕಾನೂನಿನಲ್ಲಿ ಇದೇ ದಾರಿ ಹಿಡಿದಿತ್ತು. ಈಜಿಪ್ಟ್ 1920 ಮತ್ತು 1929ರಲ್ಲಿ ಹಿಡಿಯಿತು. 1929ರ ಕಾನೂನಿನಲ್ಲಿ ಈಜಿಪ್ಟ್, ಒಂದೇ ಉಸಿರಿಗೆ ಹೇಳಿದ ಮೂರು ತಲಾಖ್ ಒಂದೇ ತಲಾಖ್ ಎಂದು ಲೆಕ್ಕ ಎಂದಿತು. ಹದಿನಾಲ್ಕನೆಯ ಶತಮಾನದ ಹಂಬಲಿ ವಿದ್ವಾಂಸ ಇಬ್ನ್ ತೈಮಿಯಾ ವಾದಿಸಿದ್ದೂ ಅದನ್ನೇ. ನಮ್ಮಲ್ಲಿ ಅಹ್ಲೆ ಹದೀಸ್ ಪಂಗಡದವರು ಮೊದಲಿನಿಂದಲೂ ಹಾಗೆಯೇ ಎಣಿಸುತ್ತಾರೆ. ಆದರೆ ಕಾಣೆಯಾದ ಗಂಡನ ವಿಷಯದಲ್ಲಿ ಮದೀನಾದವರೆಗೆ ಪತ್ರ ಬರೆದ ದೇವಬಂದ್ ಪರಂಪರೆ, ಮೂರು ತಲಾಖ್ ವಿಷಯದಲ್ಲಿ ಪಕ್ಕದ ಬೀದಿಯ ಅಹ್ಲೆ ಹದೀಸ್ ಮಸೀದಿಯ ಕಡೆಗೂ ತಿರುಗಿ ನೋಡಲಿಲ್ಲ. ಆಗಲೇ ನೋಡಿದ್ದರೆ ಮುಂದಿನ ಎಂಬತ್ತು ವರ್ಷಗಳ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ಆ ಕಣ್ಣೀರು ಕನ್ನಡಕ್ಕೆ ಹೊಸತಲ್ಲ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ತಲಾಖ್ ಆದ ಗಂಡನನ್ನು ಮರಳಿ ಸೇರಬೇಕಾದರೆ ಪರಪುರುಷನೊಬ್ಬನನ್ನು ಒಂದು ರಾತ್ರಿಗಾದರೂ ಮದುವೆಯಾಗಬೇಕೆಂಬ ಕಟ್ಟಳೆಗೆ ಸಿಕ್ಕಿ ಪ್ರಾಣ ಕಳೆದುಕೊಳ್ಳುತ್ತಾಳೆ. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಬಿಟ್ಟ ಹೆಂಗಸು ಜೀವನಾಂಶಕ್ಕಾಗಿ ಮಸೀದಿಯ ಬಾಗಿಲಲ್ಲಿ ಕಾಯುತ್ತಾಳೆ. ಮಸೀದಿಯ ಆಡಳಿತ ನೋಡುವ ಮುತವಲ್ಲಿ ಸಾಹೇಬರಿಗೆ ಅವಳ ಅರ್ಜಿಗೆ ಪುರುಸೊತ್ತಿಲ್ಲ. ಗಿರೀಶ್ ಕಾಸರವಳ್ಳಿ ಇದನ್ನೇ ‘ಹಸೀನಾ’ ಚಿತ್ರವಾಗಿಸಿದರು. ಈ ಕಥೆಯನ್ನು ಓದಿದವರಿಗೆ ಒಂದು ಗೊತ್ತಾಗುತ್ತದೆ: ಅವಳ ಹಕ್ಕು ಶಾಸ್ತ್ರದಲ್ಲಿ ಇತ್ತು. ಜೀವನಾಂಶ ಗಂಡನ ಹೊಣೆ ಎಂಬುದರಲ್ಲಿ ನಾಲ್ಕೂ ಪಂಥಗಳಿಗೆ ಒಮ್ಮತವಿದೆ. ಹಕ್ಕನ್ನು ಕೊಡಿಸಬೇಕಾದವರು ಕುರ್ಚಿಯಿಂದ ಏಳಲಿಲ್ಲ, ಅಷ್ಟೆ. ಜೀವನಾಂಶ ಸಿಗದಾಗ ಬಿಡುಗಡೆಯ ದಾರಿ ಮಾತ್ರ ಎಲ್ಲರಿಗೂ ಒಂದೇ ಆಗಿರಲಿಲ್ಲ. ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಘಟ್ಟದ ಮೇಲಿನವರು ಬಹುತೇಕ ಹನಫಿಗಳು. ಶಾಫಿ ಶಾಸ್ತ್ರದಲ್ಲಿ ಅನ್ನ ಹಾಕಲಾಗದ ಗಂಡನೊಡನೆ ಆದ ಮದುವೆಯನ್ನು ಖಾಜಿ ರದ್ದು ಮಾಡಬಲ್ಲ. ಅಂದರೆ 1939ಕ್ಕೆ ಮೊದಲು ಮಂಗಳೂರಿನ ಹೆಂಗಸಿಗೆ ಶಾಸ್ತ್ರದಲ್ಲಿ ಇದ್ದ ದಾರಿ ಮೈಸೂರಿನವಳಿಗೆ ಇರಲಿಲ್ಲ.

ತಲಾಖ್, ಜೀವನಾಂಶಗಳ ಬಗ್ಗೆ ಬರೆದಷ್ಟು ಯಾರೂ ಬರೆಯದ ಇನ್ನೊಂದು ವಿಷಯವಿದೆ: ಅನಾಥ ಮೊಮ್ಮಕ್ಕಳ ಪಾಲು. ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಅಜ್ಜನಿಗಿಂತ ಮೊದಲೇ ತೀರಿಕೊಂಡ. ಅವನಿಗೆ ಮೂರು ಮಕ್ಕಳು. ಆಮೇಲೆ ಅಜ್ಜ ತೀರಿಕೊಂಡರೆ ಗಂಡುಮಕ್ಕಳ ಪಾಲೆಲ್ಲ ಬದುಕಿರುವ ಚಿಕ್ಕಪ್ಪನಿಗೆ. ಅಪ್ಪನನ್ನು ಕಳೆದುಕೊಂಡ ಮಕ್ಕಳಿಗೆ ಬಿಡಿಗಾಸೂ ಇಲ್ಲ. ಹತ್ತಿರದ ವಾರಸುದಾರ ದೂರದವರನ್ನು ಹೊರಗಿಡುತ್ತಾನೆ ಎಂಬ ಹಳೆಯ ಸೂತ್ರದ ಫಲ ಇದು. ಚಿಕ್ಕಪ್ಪಂದಿರು ಅಣ್ಣನ ಮಕ್ಕಳನ್ನು ತಮ್ಮ ಮಕ್ಕಳಂತೆ ಸಾಕುತ್ತಿದ್ದ ಒಟ್ಟು ಕುಟುಂಬದ ಕಾಲದಲ್ಲಿ ಇದು ಅಷ್ಟಾಗಿ ಚುಚ್ಚಲಿಲ್ಲ. ಮನೆಗಳು ಒಡೆದು ಸೈಟುಗಳಾದ ಮೇಲೆ ಚುಚ್ಚತೊಡಗಿತು.

ಈಜಿಪ್ಟ್ 1946ರಲ್ಲಿ ಇದಕ್ಕೆ ಜಾಣ ಪರಿಹಾರ ಕಂಡುಕೊಂಡಿತು. ಹತ್ತಿರದ ಬಂಧುಗಳಿಗೆ ವಸಿಯ್ಯತ್, ಅಂದರೆ ಉಯಿಲು, ಮಾಡಿ ಎಂದು ಕುರಾನಿನ ಎರಡನೆಯ ಅಧ್ಯಾಯದಲ್ಲಿ ಸೂಚನೆಯಿದೆ. ಹಾಗಾದರೆ ಅಜ್ಜ ವಸಿಯ್ಯತ್ ಮಾಡದೆ ಸತ್ತರೂ ಮಾಡಿದ್ದಾನೆಂದೇ ಭಾವಿಸಿ, ಸತ್ತ ಮಗನಿಗೆ ಸಿಗಬಹುದಿದ್ದ ಪಾಲನ್ನು, ಆಸ್ತಿಯ ಮೂರನೇ ಒಂದು ಭಾಗ ಮೀರದಂತೆ, ಮೊಮ್ಮಕ್ಕಳಿಗೆ ಕೊಡಬೇಕು. ವಾರಸಿನ ಸೂತ್ರ ಮುಟ್ಟಲಿಲ್ಲ, ಮಕ್ಕಳ ಹೊಟ್ಟೆಯೂ ತುಂಬಿತು. ಪಾಕಿಸ್ತಾನದಲ್ಲಿ ಸೇನಾಡಳಿತಗಾರ ಅಯೂಬ್ ಖಾನ್ 1961ರಲ್ಲಿ ಇಷ್ಟು ನಾಜೂಕು ಮಾಡಲಿಲ್ಲ. ಸತ್ತ ಮಗನ ಜಾಗದಲ್ಲಿ ಅವನ ಮಕ್ಕಳು ನಿಲ್ಲುತ್ತಾರೆ ಎಂದು ನೇರವಾಗಿ ಬರೆಸಿದ. ಈಜಿಪ್ಟಿನ ನಿಯಮ ಗಟ್ಟಿಯಾಗಿ ನಿಂತು ಬೇರೆ ಅರಬ್ ದೇಶಗಳಿಗೂ ಹಬ್ಬಿತು. ಪಾಕಿಸ್ತಾನದ್ದನ್ನು ಅಲ್ಲಿನ ಫೆಡರಲ್ ಷರಿಯತ್ ಕೋರ್ಟ್ 2000ದಲ್ಲಿ ಇಸ್ಲಾಮಿಗೆ ವಿರುದ್ಧ ಎಂದಿತು, ವಿಷಯ ಮೇಲ್ಮನವಿಗೆ ಹೋಯಿತು. ಒಳಗಿನ ದಾರಿಯಲ್ಲಿ ಬಂದ ಬದಲಾವಣೆಗೂ ಆಜ್ಞೆಯಿಂದ ಬಂದ ಬದಲಾವಣೆಗೂ ಇರುವ ಆಯುಸ್ಸಿನ ವ್ಯತ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಭಾರತದಲ್ಲೋ? ಎರಡೂ ಇಲ್ಲ.

ಹಾಗೆಂದು ಶಾಸ್ತ್ರದೊಳಗಿನ ದಾರಿ ಸಿಕ್ಕಿತೆಂದರೆ ಎಲ್ಲ ಮುಗಿಯಿತೆಂದಲ್ಲ. ಮೊರಾಕ್ಕೊ 2004ರಲ್ಲಿ ತನ್ನ ಕುಟುಂಬ ಸಂಹಿತೆಯನ್ನು ಹೊಸದಾಗಿ ಬರೆದು ಹೆಣ್ಣಿನ ಮದುವೆಯ ವಯಸ್ಸನ್ನು 18ಕ್ಕೆ ಏರಿಸಿತು. ಜಗತ್ತೆಲ್ಲ ಕೊಂಡಾಡಿತು. ಆದರೆ ವಿಶೇಷ ಸಂದರ್ಭದಲ್ಲಿ ಜಡ್ಜ್ ವಿನಾಯಿತಿ ಕೊಡಬಹುದೆಂಬ ಒಂದು ಕಲಮು ಅದರಲ್ಲಿತ್ತು. ಬಂದ ಅರ್ಜಿಗಳಲ್ಲಿ ಹೆಚ್ಚಿನವಕ್ಕೆ ಜಡ್ಜ್‌ಗಳು ಒಪ್ಪಿಗೆ ಕೊಡುತ್ತ ಹೋದರು. ಪಾಕಿಸ್ತಾನದ ನಿಕಾಹ್‌ನಾಮಾದಲ್ಲಿ 18ನೇ ಕಲಂ ಇದೆ: ತಲಾಖ್ ಕೊಡುವ ಅಧಿಕಾರವನ್ನು ಗಂಡ ಹೆಂಡತಿಗೂ ವಹಿಸಿದ್ದಾನೆಯೇ ಎಂದು ಅಲ್ಲಿ ತುಂಬಬೇಕು. ಹುಡುಗಿಯನ್ನು ಕೇಳದೆಯೇ ನಿಕಾಹ್ ಓದಿಸುವವರು ಅದರ ಮೇಲೆ ಗೆರೆ ಎಳೆದುಬಿಡುತ್ತಾರೆ ಎಂಬ ದೂರು ಅಲ್ಲಿ ಸಾಮಾನ್ಯ. ದೇವರು ಕೊಟ್ಟರೂ ಪೂಜಾರಿ ಬಿಡ ಎಂಬ ಗಾದೆ ಯಾವ ಧರ್ಮಕ್ಕೂ ಸಲ್ಲುತ್ತದೆ.

ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನವಾದ ಖುಲಾ ಕೂಡ ಹೀಗೆಯೇ ಸಿಕ್ಕಿಕೊಂಡಿತ್ತು. ಸಾಬಿತ್ ಇಬ್ನ್ ಕೈಸ್ ಎಂಬವರ ಹೆಂಡತಿ ಪ್ರವಾದಿಯವರ ಬಳಿ ಬಂದು, ಗಂಡನ ನಡತೆಯಲ್ಲಿ ದೋಷವಿಲ್ಲ, ಆದರೂ ತನಗೆ ಅವನೊಡನೆ ಬಾಳಲಾಗದು ಎಂದಾಗ, ಮಹರ್, ಅಂದರೆ ಗಂಡ ಕೊಡಬೇಕಾದ ವಧುಧನ, ಆಗಿ ಪಡೆದ ತೋಟವನ್ನು ಮರಳಿಸಿ ಬಿಡುಗಡೆ ಪಡೆಯಲು ಪ್ರವಾದಿ ದಾರಿ ಮಾಡಿಕೊಟ್ಟರೆಂದು ಹದೀಸ್ ಇದೆ. ಆದರೆ ಶಾಸ್ತ್ರಕಾರರು ಗಂಡ ಒಪ್ಪಿದರೆ ಮಾತ್ರ ಖುಲಾ ಎಂದು ಬರೆದಿಟ್ಟರು. ಪಾಕಿಸ್ತಾನದ ಸುಪ್ರೀಂ ಕೋರ್ಟ್ 1967ರಲ್ಲಿ, ಈಜಿಪ್ಟಿನ ಸಂಸತ್ತು 2000ದಲ್ಲಿ, ಗಂಡನ ಒಪ್ಪಿಗೆಯಿಲ್ಲದೆಯೂ ಮಹರ್ ಬಿಟ್ಟುಕೊಟ್ಟು ಹೆಂಡತಿ ಹೊರಬರಬಹುದು ಎಂದವು. ನಮ್ಮಲ್ಲಿ ಕೇರಳ ಹೈಕೋರ್ಟ್ ಕೋರ್ಟಿನ ಹೊರಗಿನ ಖುಲಾವನ್ನು ಮಾನ್ಯ ಮಾಡಿದ್ದು 2021ರಲ್ಲಿ.

1939ರ ಆಮೇಲೆ ಭಾರತದ ಸಂಸತ್ತು ಮುಸ್ಲಿಂ ಕುಟುಂಬ ಕಾನೂನನ್ನು ಮುಟ್ಟಿದ್ದೆಲ್ಲ ಗಲಾಟೆಯ ನಡುವೆ. ಗಂಡ ಬಿಟ್ಟ ಇಂದೋರಿನ ಶಾ ಬಾನೋ ಕೇಳಿದ್ದು ಹೊಟ್ಟೆಪಾಡಿನ ಹಣ. ಮ್ಯಾಜಿಸ್ಟ್ರೇಟ್ ಕೊಟ್ಟದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಆ ಮೊತ್ತವನ್ನೂ ಕೊಡಲಾರೆನೆಂದು ಸುಪ್ರೀಂ ಕೋರ್ಟಿಗೆ ಹೋದ ಗಂಡ ಸ್ವತಃ ವಕೀಲ. ಅವಳ ಪರವಾಗಿ ಬಂದ 1985ರ ತೀರ್ಪು, ಅದನ್ನು ಮೊಟಕುಗೊಳಿಸಲು ಬಂದ 1986ರ ಕಾಯ್ದೆ, ಆ ಕಾಯ್ದೆಗೆ 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಕೋರ್ಟು ಕೊಟ್ಟ ಉದಾರ ವ್ಯಾಖ್ಯಾನ ಎಲ್ಲ ಆಗಿ, ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಸಾಮಾನ್ಯ ಜೀವನಾಂಶ ಕಾನೂನು ಅನ್ವಯಿಸುತ್ತದೆ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಆ ಪೀಠದಲ್ಲಿ ನಮ್ಮ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. 2017ರ ಶಾಯರಾ ಬಾನೋ ತೀರ್ಪಿನಲ್ಲಿ ಮೂರು ತಲಾಖ್ 3:2 ಬಹುಮತದಿಂದ ಬಿದ್ದಾಗ, ದಕ್ಷಿಣ ಕನ್ನಡದ ನ್ಯಾಯಮೂರ್ತಿ ಅಬ್ದುಲ್ ನಝೀರ್ ಅಲ್ಪಮತದಲ್ಲಿದ್ದರು. ಆದರೆ ಆ ಅಲ್ಪಮತವೂ ಸಂಸತ್ತು ಕಾನೂನು ಮಾಡಲಿ ಎಂದೇ ಹೇಳಿತ್ತು.

ಸಂಸತ್ತು ಮಾಡಿದ್ದೇನು? 2019ರಲ್ಲಿ ಮೂರು ವರ್ಷದವರೆಗಿನ ಜೈಲು. ಕೋರ್ಟು ಆಗಲೇ ಅನೂರ್ಜಿತಗೊಳಿಸಿದ ಮಾತನ್ನು ಆಡಿದ್ದಕ್ಕೆ ಗಂಡ ಒಳಗೆ. ಜೀವನಾಂಶ ಎಲ್ಲಿಂದ ಬರಬೇಕೆಂದು ಹೆಂಡತಿ ಹೊರಗೆ. ಮಹರ್ ವಸೂಲಿ, ಖುಲಾದ ಕ್ರಮ, ಮದುವೆಯ ನೋಂದಣಿ, ಅನಾಥ ಮೊಮ್ಮಕ್ಕಳ ಪಾಲು ಇವುಗಳ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. 1939ರಲ್ಲಿ ಉಲೇಮಾ, ಶಾಸಕ, ಸರ್ಕಾರ ಮೂವರೂ ಜಗಳವಾಡುತ್ತಲೇ ಒಂದು ಉಪಯೋಗದ ಕಾಯ್ದೆ ಬರೆದರು. ಎಂಬತ್ತು ವರ್ಷಗಳ ಬಳಿಕ ಒಂದು ಕಡೆಯವರು ‘ಕೈ ಹಾಕಬೇಡಿ’ ಎಂದು ಕೂತರು, ಇನ್ನೊಂದು ಕಡೆಯವರು ಕೇಳದೆಯೇ ಕೈ ಹಾಕಿದರು. ಸೋಲು ಇಬ್ಬರದೂ ಹೌದು; ಉಲೇಮಾಗಳ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ ತಾನೇ ಮುಂದಾಗಿ ಕರಡೊಂದನ್ನು ಶಾಸನಸಭೆಗೆ ಒಯ್ದಿದ್ದರೆ ಸರ್ಕಾರಕ್ಕೆ ಈ ಅವಕಾಶವೇ ಇರುತ್ತಿರಲಿಲ್ಲ.

ಸಂಸತ್ತು ಏಳುವವರೆಗೂ ಕಾಯಬೇಕಿಲ್ಲದ ಎರಡು ಕೆಲಸಗಳಿವೆ. ಮಗಳ ನಿಕಾಹ್‌ಗೆ ಅಣಿಯಾಗುತ್ತಿರುವವರು ನಿಕಾಹ್‌ನಾಮಾದಲ್ಲಿ ಷರತ್ತುಗಳನ್ನು ಬರೆಸಬಹುದು: ಗಂಡ ಇನ್ನೊಂದು ಮದುವೆಯಾದರೆ, ಜೀವನಾಂಶ ನಿಲ್ಲಿಸಿದರೆ, ತಲಾಖ್ ಹೇಳಿಕೊಳ್ಳುವ ಅಧಿಕಾರ ಹೆಂಡತಿಗೆ ಎಂದು. ಹನಫಿ ಶಾಸ್ತ್ರ ಇದನ್ನು ತಫ್ವೀಝ್ ಎಂದು ಒಪ್ಪುತ್ತದೆ. ಥಾನವಿಯವರೂ ಅದನ್ನು ಸೂಚಿಸಿದ್ದರು. ಕಲ್ಕತ್ತಾ ಹೈಕೋರ್ಟ್ ಬಹಳ ಹಿಂದೆಯೇ ಎತ್ತಿಹಿಡಿದಿದೆ. ಹಾಗೆಯೇ, ಮಗನನ್ನು ಕಳೆದುಕೊಂಡ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಹೆಸರಿಗೆ ಆಸ್ತಿಯ ಮೂರನೇ ಒಂದು ಭಾಗದವರೆಗೆ ವಸಿಯ್ಯತ್ ಬರೆದಿಡಬಹುದು. ಅದಕ್ಕೆ ಯಾವ ಫತ್ವಾವೂ ಬೇಕಿಲ್ಲ, ಯಾವ ವಾರಸುದಾರನ ಒಪ್ಪಿಗೆಯೂ ಬೇಕಿಲ್ಲ. ಊರಿನ ಖಾಜಿಯವರನ್ನೋ ಒಬ್ಬ ಒಳ್ಳೆಯ ವಕೀಲರನ್ನೋ ಕೂರಿಸಿಕೊಂಡು, ಕೈ ನಡೆಯುವಾಗಲೇ ಬರೆಸಿಡಿ.